ಕೊಟ್ರಬಸಪ್ಪನ ನಾಲ್ಕಾಣೆ

ಅಳಿಯ ಹನುಮೇಶ್ ಕಾರಿನ ಸ್ವಿಚ್ಚಿನ ಸೀಳಿಗೆ ಒಂದು ರೂಪಾಯಿ ನಾಣ್ಯ ತುರುಕಲು ನೋಡಿದ, ಆಮೇಲೆ ಎರಡು ರೂಪಾಯಿ. ಎರಡೂ ಒಳಗಿಳಿಯಲಿಲ್ಲ. ಹಳೆಯ ಅಂಬಾಸಿಡರ್ ಸಿರುಗುಪ್ಪದ ಓಣಿಯಲ್ಲಿ ಮುಖ ಊದಿಸಿಕೊಂಡು ನಿಂತೇ ಇತ್ತು.

"ಮಾವ ಯಾವುದೋ ನಾಣ್ಯ ಹಾಕಿ ತಿರುವತಿದ್ನಲ್ಲ! ಹೋಗ್ಲಿ, ಟೆಂಪೋ ತರಸ್ಲೇನ್ರಿ ಅತ್ತಿ?"

"ಬ್ಯಾಡ. 'ನನ್ನ ಗಾಡ್ಯಾಗ ಒಯ್ಯಿ' ಅಂತ ಬಳ್ಳಾರಿ ದವಾಖಾನ್ಯಾಗ ನನ್ನ ಕೈ ಹಿಡದು ಕೇಳ್ಯಾನ," ಎಂದಳು ದೊಡ್ಡಬಸಮ್ಮ.

ಗಂಡ ಕೊಟ್ರಬಸಪ್ಪ ಪಡಸಾಲೆಯಲ್ಲಿ ಗೋಡೆಗೊರಗಿದ್ದ. ಅವರಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುವುದು. ಮಣ್ಣು ಮಾಡುವುದು ಬಾದನಹಟ್ಟಿಯ ಹೊಲದಲ್ಲಿ. ತಿಂಗಳಿಡೀ ನೋವಿನಲ್ಲಿ ಹಲ್ಲು ಕಚ್ಚಿದ್ದ ಮುಖ ಈಗ ತಿಳಿಯಾಗಿತ್ತು. ಅದನ್ನು ನೋಡಿದರೆ ದೊಡ್ಡಬಸಮ್ಮನಿಗೆ ಅಳುವಿಗಿಂತ ಮೊದಲು ಸಮಾಧಾನವೇ ಬರುತ್ತಿತ್ತು.

*

ಹಿಂದೊಮ್ಮೆ ಕಾರಿನ ಕೀಲಿಕೈ ಕಾಲುವೆಗೆ ಬಿದ್ದ ದಿನ ಕೊಟ್ರಬಸಪ್ಪ ಊರೆಲ್ಲ ಕೇಳುವಂತೆ ಬೈದಾಡಿ, ಕೊನೆಗೆ ಒಗೆಯುವ ಕಲ್ಲಿನ ಮೇಲೆ ಕೂತು ಒಂದು ನಾಲ್ಕಾಣೆಯ ಅಂಚು ಉಜ್ಜತೊಡಗಿದ್ದ.

"ಅಂಗಡ್ಯಾಗ ಇದು ನಡ್ಯಂಗಿಲ್ಲಂತ. ನನ್ನ ಗಾಡ್ಯಾಗ ಹೆಂಗ ನಡಿತೈತಿ ನೋಡು!"

ನಡೆದೇ ನಡೆಯಿತು. ಅಂದಿನಿಂದ ಆ ನಾಲ್ಕಾಣೆ ಅವನ ಅಂಗಿಯ ಕಿಸೆ ಬಿಟ್ಟು ಕದಲಲಿಲ್ಲ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಎಂದು ಬಾಡಿಗೆಗೆ ಸೀಟು ತುಂಬಿಸಿಕೊಂಡು ಅವನು ಕಾರು ಓಡಿಸುತ್ತಲೇ ಇದ್ದ.

*

"ಅಂಗಿ ಕಿಸೆದಾಗ ನಾಲ್ಕಾಣೆ ಇತ್ತಲ್ಲ, ಎಲ್ಲೈತಿ?" ಎಂದು ಕೇಳಿದಳು ದೊಡ್ಡಬಸಮ್ಮ.

ಮಗಳು ಅನಿತಾಳ ಮುಖ ಬಿಳಿಚಿಕೊಂಡಿತು. "ಯವ್ವಾ, ಸಾಯೋಮಟ ಇಟಗೊಂಡಿದ್ನಲ್ಲಾ ಅಂತ ನಾನೇ ಹಣಿಗೆ ಹಚ್ಚೀನಿ."

ಎಲ್ಲರೂ ತಿರುಗಿದರು. ಹೆಣದ ಹಣೆಗೆ ನಾಣ್ಯ ಹಚ್ಚುವುದು ಪದ್ಧತಿ. ವಿಭೂತಿಯ ನಡುವೆ ನಾಲ್ಕಾಣೆ ಮಿನುಗುತ್ತಿತ್ತು.

"ಹಣಿಮ್ಯಾಲಿನ ರೊಕ್ಕ ಮುಟ್ಟಬಾರದು ತಂಗಿ," ಎಂದ ಓಣಿಯ ಹಿರಿಯ ಜೋಗಪ್ಪ.

"ಅದು ರೊಕ್ಕಲ್ಲ ಯಣ್ಣಾ, ಕೀಲಿ."

ದೊಡ್ಡಬಸಮ್ಮ ಅದನ್ನು ಮೆಲ್ಲಗೆ ಬಿಡಿಸಿ, ಅಲ್ಲಿ ಹೊಸದೊಂದು ರೂಪಾಯಿ ಒತ್ತಿದಳು. "ಸಿಟ್ಟಾಗಬ್ಯಾಡ. ನಿನ್ನ ಕರಕೊಂಡು ಹೋಗಾಕ ಬೇಕಾಗೈತಿ."

ಹನುಮೇಶ್ ನಾಲ್ಕಾಣೆಯನ್ನು ಸೀಳಿಗೆ ಹಾಕಿ ತಿರುಗಿಸಿದ. ಕಾರು ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ಗುಡುಗಿತು. ಅನಿತಾ ಅಳುತ್ತಲೇ ನಕ್ಕುಬಿಟ್ಟಳು. ಜೋಗಪ್ಪನೂ ಮೀಸೆಯೊಳಗೆ ನಕ್ಕ. ದೊಡ್ಡಬಸಮ್ಮನ ಎದೆಯ ಮೇಲಿನ ಭಾರ ಇಳಿದಂತಾಯಿತು.

ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸಿದರು. ಒಂದು ಪಕ್ಕ ಅನಿತಾ ಹಿಡಿದುಕೊಂಡಳು. ದೊಡ್ಡಬಸಮ್ಮ ಮುಂದೆ ಹತ್ತಿದಳು. ಉಳಿದವರು ಟೆಂಪೋದಲ್ಲಿ ಹಿಂದೆ ಬಂದರು.

ಕುರುಗೋಡು ಕ್ರಾಸಿನಲ್ಲಿ, ಕಾಯಿಪಲ್ಲೆ ಮಾರುವ ಹಂಪಕ್ಕ ಎಂದಿನಂತೆ ಕಾರು ಕಂಡು ಕೈ ಮಾಡಿದಳು.

"ನಿಲ್ಸಪಾ," ಎಂದಳು ದೊಡ್ಡಬಸಮ್ಮ.

ಹಂಪಕ್ಕ ಬಾಗಿಲು ತೆರೆದವಳು ಹಾಗೇ ನಿಂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಬುಟ್ಟಿ ಸಮೇತ ಒಳಗೆ ಬಂದು ಅವನ ಪಕ್ಕ ಕೂತಳು.

"ಇವತ್ತರ ಹಿಂದ ಕುಂತ್ಯಲ್ಲೋ ಯಪ್ಪಾ. ಸ್ವಲ್ಪ ಸರಕೋ."

ಕಾರು ಹೊರಟಿತು. ದಾರಿ ಕುಲುಕಿದಾಗ ಹಂಪಕ್ಕ ಒಂದು ಕೈಯಲ್ಲಿ ಬುಟ್ಟಿಯನ್ನೂ ಇನ್ನೊಂದರಲ್ಲಿ ಅವನ ಹೆಗಲನ್ನೂ ಹಿಡಿದುಕೊಂಡಳು.