ಕೆಳಗೆ, ಎಡಕ್ಕೆ

“ಸ್ವಲ್ಪ ಎತ್ತಿ ಹಿಡೀರಪ್ಪ, ನೆಲ ಕೆರೀತಿದೆ,” ಎಂದ ಮೈದುನ. ನಾಲ್ವರು ಸೇರಿ ಕಪಾಟನ್ನು ಗೋಡೆಗೆ ಸರಿಸಿದರು. ಶವವಾಹನ ಹನ್ನೊಂದಕ್ಕೆ ಬರಲಿತ್ತು. ನಡುಮನೆಯಿಂದ ಬಾಗಿಲಿನವರೆಗೆ ದಾರಿ ಬಿಡಿಸಬೇಕಿತ್ತು.

ಅದು ಮೊದಲು ಬಟ್ಟೆಯ ಕಪಾಟಾಗಿತ್ತು. ಸತ್ತವನು ಅದರ ಮೇಲರ್ಧ ಕೊರೆದು ಹಳೆಯ ಟಿ.ವಿ. ಕೂರಿಸಿದ್ದ. ಸೊಂಟದೆತ್ತರಕ್ಕೆ ಹಲಗೆ ಹೊಡೆದು, ಹುಡುಗನಾಗಿದ್ದಾಗ ನಾಣ್ಯ ಹಾಕಿ ಆಡುತ್ತಿದ್ದಂಥ ವಿಡಿಯೊ ಗೇಮ್ ಪೆಟ್ಟಿಗೆ ಮಾಡಿದ್ದ. ಹಲಗೆಯ ಮುಂದಿನ ಅಂಚಿನಲ್ಲಿ ಐದು ಜಾಯ್‌ಸ್ಟಿಕ್‌ಗಳು ಸಾಲಾಗಿ ನಿಂತಿದ್ದವು. ಬೇಕಿದ್ದುದು ಒಂದೇ.

“ಇದನ್ನ ಹಿತ್ತಲಿಗೆ ಹಾಕಿಬಿಡೋಣ ಅತ್ತಿಗೆ.”

“ಬೇಡ. ಇಲ್ಲೇ ಇರಲಿ.”

ಸತ್ತವನ ಹೆಂಡತಿ ಕಪಾಟಿನ ಕೆಳಬಾಗಿಲನ್ನು ಅಂಗೈಯಿಂದ ಒತ್ತಿ ನಿಂತಿದ್ದಳು. ಅದರ ಚಿಲಕ ಸಡಿಲ. ಬಾಗಿಲ ಒಳಬದಿಗೆ ಅಂಟಿಸಿದ್ದ ಹಾಳೆಯನ್ನು ಆಕೆ ಮತ್ತು ಮೈದುನ ಬಿಟ್ಟರೆ ಇನ್ನಾರೂ ನೋಡಿರಲಿಲ್ಲ.

ಪೈಪ್ ಕಾರ್ಖಾನೆಯವರು ಒಟ್ಟಿಗೇ ಬಂದರು.

“ಇಪ್ಪತ್ತಾರು ವರ್ಷ ಕ್ರೇನ್ ಓಡಿಸಿದ. ಹೊರೆ ಇಳಿಸಿದ್ರೆ ನೂಲು ಬಿಟ್ಟ ಹಾಗೆ.”

“ಅದಕ್ಕೇ ತಾನೇ ನೂಲಪ್ಪ ಅಂದಿದ್ದು? ಅವನ ನಿಜವಾದ ಹೆಸರು ನನಗೆ ಗೊತ್ತಾಗಿದ್ದೇ ಇವತ್ತು, ಪೇಪರ್ ನೋಡಿ.”

ಯಾರೋ ನಕ್ಕು, ತಕ್ಷಣ ಕೆಮ್ಮಿದರು.

“ಮಂಗಳವಾರದ್ದು ಪೂರ್ತಿ ಕ್ರೇನ್ ಲಿವರಿನ ದೋಷ,” ಎಂದ ಮ್ಯಾನೇಜರ್. “ಅವನದು ಒಂದು ಚೂರೂ ತಪ್ಪಿಲ್ಲ. ಸೋಮವಾರ ವಿಚಾರಣೆ ಮುಗೀಲಿ, ಲಿವರ್ ಸರಿ ಇದೆ ಅಂತ ಸಹಿ ಹಾಕಿದವನು ಮನೆಗೆ ಹೋಗ್ತಾನೆ.”

ಮಂಗಳವಾರ ಪೈಪಿನ ಕಟ್ಟು ಇಳಿಯುತ್ತ ಎಡಕ್ಕೆ ತೂಗಿ ತೂಕದ ಕೋಣೆಯ ಗೋಡೆ ಬೀಳಿಸಿತ್ತು. ಗುಮಾಸ್ತ ಟೀ ಕುಡಿಯಲು ಹೋಗಿದ್ದರಿಂದ ಬದುಕಿದ. ಲಿವರ್ ನಡುವಿಗೆ ಮರಳಲಿಲ್ಲವೆಂದು ನೂಲಪ್ಪ ಹೇಳಿದ್ದ. ಹಿಂದಿನ ದಿನವಷ್ಟೇ ಅದನ್ನು ಪರೀಕ್ಷಿಸಿ ಸಹಿ ಹಾಕಿದ್ದ ಎಲೆಕ್ಟ್ರಿಷಿಯನ್ ಈಗ ಹೊರಗೆ, ಚಪ್ಪಲಿಗಳ ಪಕ್ಕ ಒಬ್ಬನೇ ನಿಂತಿದ್ದ.

*

ಮೂರು ತಿಂಗಳ ಹಿಂದೆ ಪೆಟ್ಟಿಗೆಯ ಕೆಲಸ ಮುಗಿದಿತ್ತು, ಜಾಯ್‌ಸ್ಟಿಕ್ ಒಂದನ್ನು ಬಿಟ್ಟು.

“ಯಾವುದಾದ್ರೂ ಒಂದು ಹಾಕ್ರೀ. ಆಟ ಆಡೋಕೆ ತಾನೇ?”

“ಆಟ ಅಂತಲೇ ಸರಿಯಾಗಿರಬೇಕು. ಕೆಲಸದಲ್ಲಾದ್ರೆ ಹೇಗೋ ಸಂಭಾಳಿಸಬಹುದು.”

ಕಣ್ಣು ಮುಚ್ಚಿ ಎಂಟು ದಿಕ್ಕಿಗೆ ಹತ್ತು ಹತ್ತು ಸಲ ತಳ್ಳುವುದು ಅವನ ಪರೀಕ್ಷೆ. ಟಿ.ವಿ.ಯ ಚುಕ್ಕೆ ಎತ್ತ ಹೋಯಿತೆಂದು ಆಕೆ ಹೇಳಬೇಕು, ಅವನು ಕೆಳಬಾಗಿಲಿನ ಹಾಳೆಯಲ್ಲಿ ಬರೆದುಕೊಳ್ಳಬೇಕು. ಏಳು ದಿಕ್ಕು ಸರಿ. ಕೆಳಗೆ-ಎಡಕ್ಕೆ ಮಾತ್ರ ಹತ್ತಕ್ಕೆ ಆರು, ಕೆಲವೊಮ್ಮೆ ಐದು. ‘ಸ್ಪ್ರಿಂಗ್ ಸಡಿಲ’ ಎಂದು ಬರೆದು ಇನ್ನೊಂದು ತರಿಸಿದ. ‘ಸ್ವಿಚ್ ತಡ’. ‘ಹಿಡಿ ಜಾರುತ್ತದೆ’. ಐದನೆಯದೂ ಬಂತು.

ಒಂದು ಸಂಜೆ ಆಕೆಯನ್ನೇ ನಿಲ್ಲಿಸಿದ. ಐದರಲ್ಲೂ ಕೆಳಗೆ-ಎಡಕ್ಕೆ ಹತ್ತಕ್ಕೆ ಹತ್ತು ಬಂತು.

“ನಿನಗೆ ಅಭ್ಯಾಸ ಇಲ್ಲ, ಅದಕ್ಕೇ ಸರಿಯಾಗಿ ಬರ್ತಿದೆ,” ಎಂದು ನಕ್ಕ. ಆಕೆಯೂ ನಕ್ಕಳು. ಮರುದಿನದಿಂದ ಅವನು ಟೀ ಲೋಟವನ್ನು ಎಡಗೈಯಲ್ಲಿ ಹಿಡಿಯತೊಡಗಿದ.

ಮಂಗಳವಾರ ಸಂಜೆ ಬೂಟು ಬಿಚ್ಚದೆ ಬಂದು ಐದನ್ನೂ ಮತ್ತೆ ಪರೀಕ್ಷಿಸಿದ. ನಾಲ್ಕು, ನಾಲ್ಕು, ಮೂರು, ನಾಲ್ಕು, ಮೂರು. ಆಮೇಲೆ ಸ್ಕೇಲ್ ಇಟ್ಟು, ತಾನೇ ಬರೆದಿದ್ದ ದೋಷಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದ.

“ಸೋಮವಾರ ಹೋಗಿ ಹೇಳ್ತೀನಿ,” ಎಂದ. ಏನನ್ನು ಎಂದು ಆಕೆ ಕೇಳಲಿಲ್ಲ. ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ.

*

ವಾಹನ ಹತ್ತು ನಿಮಿಷ ಮೊದಲೇ ಬಂದು ಹಾರ್ನ್ ಹೊಡೆಯಿತು.

“ಬಾಯಿ ಬಿಡಬೇಡಿ ಅತ್ತಿಗೆ,” ಮೈದುನ ಪಿಸುಗುಟ್ಟಿದ. “ನಿಮ್ಮ ಮುಖ ನೋಡಿದ್ರೇ ನನಗೆ ಭಯ ಆಗ್ತಿದೆ. ಅಣ್ಣ ಒಳ್ಳೇ ಹೆಸರಲ್ಲೇ ಹೋಗ್ಲಿ.”

“ಆ ಎಲೆಕ್ಟ್ರಿಷಿಯನ್ ಕೆಲಸ ಹೋಗುತ್ತಲ್ಲಪ್ಪ.”

“ಇನ್ನೊಂದು ಸಿಗುತ್ತೆ. ನನಗೆ ಇನ್ನೊಬ್ಬ ಅಣ್ಣ ಸಿಗ್ತಾನಾ?”

ಎಲೆಕ್ಟ್ರಿಷಿಯನ್ ಎಲ್ಲರಿಗಿಂತ ಕೊನೆಗೆ ಒಳಗೆ ಬಂದು ಕೈ ಮುಗಿದ.

“ನಾನು ಬರಬಾರದಿತ್ತೇನೋ ಅಕ್ಕ. ಆ ಲಿವರನ್ನ ಪೂರ್ತಿ ಬಿಚ್ಚಿ ನೋಡಿದ್ದೆ. ಎಲ್ಲಿ ಎಡವಿದೆನೋ ತಿಳೀತಿಲ್ಲ. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ.”

ಅವನು ತಿರುಗಿ ಹೊಸ್ತಿಲು ದಾಟಿದ. ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದನ್ನು ಕಾಲಿನಿಂದಲೇ ಹುಡುಕುತ್ತಿದ್ದ. ಆಕೆಯ ಅಂಗೈ ಬೆವತು ಬಾಗಿಲಿಗೆ ಅಂಟಿಕೊಂಡಿತ್ತು.

“ಒಂದ್ನಿಮಿಷ ನಿಲ್ಲಿ. ಈ ಐದು ಜಾಯ್‌ಸ್ಟಿಕ್ ಸರಿ ಇವೆಯಾ, ಸ್ವಲ್ಪ ನೋಡಿ ಹೇಳಿ.”

“ಈಗಲಾ ಅಕ್ಕ?”

“ಈಗಲೇ. ಮ್ಯಾನೇಜರ್ ಸಾಹೇಬ್ರೂ ಬನ್ನಿ.”

ಅವನು ಹಾಗೇ ಒಳಗೆ ಬಂದು ಮೊದಲನೆಯದನ್ನು ಹಿಡಿದ. ಕೈಗೆ ಕೆಲಸದ ರೂಢಿ. ಎಂಟೂ ದಿಕ್ಕಿಗೆ ಆಡಿಸಿದ, ಕಿವಿ ಹತ್ತಿರ ತಂದು ಸ್ವಿಚ್ಚಿನ ಸದ್ದು ಕೇಳಿದ. ಎರಡನೆಯದು, ಮೂರನೆಯದು. ಐದನೆಯದನ್ನು ಮುಗಿಸಿ ತಲೆ ಎತ್ತಿದ.

“ಎಲ್ಲವೂ ಸರಿಯಾಗೇ ಇವೆಯಲ್ಲ.”

ಆಕೆ ಅಂಗೈ ತೆಗೆದಳು. ಬಾಗಿಲು ತಾನಾಗಿ ತೆರೆದುಕೊಂಡಿತು.

ಮ್ಯಾನೇಜರ್ ಕನ್ನಡಕ ಏರಿಸಿ, ಬಗ್ಗಿ ಓದಿದ. ಮಂಗಳವಾರದ ಸಾಲಿನ ಮೇಲೆ ಅವನ ಬೆರಳು ನಿಂತಿತು.

“ಈ ಹತ್ತಕ್ಕೆ ಹತ್ತು ಯಾರದು?”

“ನನ್ನದು. ಉಳಿದಿದ್ದೆಲ್ಲ ಅವರದು. ತಪ್ಪು ಲಿವರ್‌ದಲ್ಲ, ಅವರ ಕೈಯದು. ಸೋಮವಾರ ಬಂದು ಅವರೇ ಹೇಳೋರಿದ್ರು.”

ಮೈದುನ ಗೋಡೆಯ ಕಡೆ ಮುಖ ಮಾಡಿದ.

“ಇದನ್ನ ನಾನು ತಗೊಂಡು ಹೋಗ್ಲಾಮ್ಮ?”

“ಹೂಂ.”

ಮ್ಯಾನೇಜರ್ ಹರಿಯದ ಹಾಗೆ ಉಗುರಿನಿಂದ ಹಾಳೆಯ ಮೂಲೆ ಬಿಡಿಸತೊಡಗಿದ. ಎಲೆಕ್ಟ್ರಿಷಿಯನ್ ಒಂದೇ ಚಪ್ಪಲಿಯಲ್ಲಿ ನಿಂತಿದ್ದ.

ಸ್ಟ್ರೆಚರ್ ಎತ್ತಿದರು. ಕಪಾಟಿನ ಪಕ್ಕ ಜಾಗ ಸಾಲಲಿಲ್ಲ. ಸ್ಟ್ರೆಚರಿನ ಹಿಡಿ ಹಲಗೆಯ ಅಂಚನ್ನು ಸವರಿಕೊಂಡು ಹೋಯಿತು. ಐದು ಜಾಯ್‌ಸ್ಟಿಕ್‌ಗಳು ಒಂದರ ಹಿಂದೊಂದು ಓರೆಯಾಗಿ, ಟಕ್ಕೆಂದು ಮರಳಿ ನೆಟ್ಟಗೆ ನಿಂತವು.