ಗುದ್ದಲಿ ತಾಗದ ಮಣ್ಣು

ಸಿದ್ದಕಟ್ಟೆಯ ಮೇಲಿನ ತಮ್ಮ ಮುರಕಲ್ಲಿನ ಬೋಳು ಪಾರೆಯಲ್ಲಿ ಗುಡಿಸಲು ಕಟ್ಟಿಕೊಳ್ಳಲು ಧರ್ಣಪ್ಪ ಶೆಟ್ಟರು ಸೇಸಮ್ಮನಿಗೆ ಒಪ್ಪಿಗೆ ಕೊಟ್ಟದ್ದು ಒಂದೇ ಒಂದು ಮಾತಿನ ಮೇಲೆ: ನೆಲಕ್ಕೆ ಗುದ್ದಲಿ ತಾಗಿಸಬಾರದು. ಅಗೆದು ಬೆಳೆದವರದ್ದೇ ಜಾಗ ಎಂಬ ಕಾನೂನು ಬರುತ್ತದಂತೆ ಎಂದು ಬಂಟವಾಳದ ಕಡೆಯಿಂದ ಸುದ್ದಿ ಬರುತ್ತಿದ್ದ ಕಾಲ ಅದು. ಗಂಡ ತೀರಿದ ಮೇಲೆ ಅಣ್ಣನ ಮನೆಗೆ ಬಂದು, ಅಲ್ಲಿ ಅತ್ತಿಗೆಯೊಂದಿಗೆ ಹೊಂದದೆ ಹೊರಟಿದ್ದ ಸೇಸಮ್ಮ, ಜಾಗದ ದೈವದ ಕಲ್ಲಿನೆದುರು ಕೈಮುಗಿದು ಮಾತು ಕೊಟ್ಟಳು. ಕಲ್ಲುಬಂಡೆಯನ್ನು ಅಗೆಯುವುದಾದರೂ ಹೇಗೆ ಎಂದು ಆಗ ಅನ್ನಿಸಿತ್ತು.

ಆದರೆ ಗಂಜಿಗೆ ನೆಂಚಿಕೊಳ್ಳಲು ಏನಾದರೂ ಬೇಕಲ್ಲ. ಮೊದಲ ವರ್ಷ ಅವಳು ಗುಡ್ಡದಿಂದ ತರಗೆಲೆ ಗುಡಿಸಿ ತಂದು ಅಂಗಳದಾಚೆ ಹರಡಿ, ಮೇಲೆ ಸೆಗಣಿ, ಒಲೆಯ ಬೂದಿ ಹಾಕಿದಳು. ಮಳೆಗಾಲದ ಮೊದಲ ವಾರದಲ್ಲೇ ಎಲ್ಲ ತೊಳೆದು ಹೋಯಿತು. ಮರುವರ್ಷ ಸುತ್ತ ಕಲ್ಲಿನ ಚೂರು ಜೋಡಿಸಿ ಅಡ್ಡ ಕಟ್ಟಿ, ಮತ್ತೆ ತರಗೆಲೆ ಹರಡಿದಳು. ಗುಡಿಸಲಿನ ಮಾಡಿಗೆ ಹೊಸ ಮುಳಿಹುಲ್ಲು ಹೊದಿಸುವಾಗ ಇಳಿಸಿದ ಹಳೆಯ ಹುಲ್ಲನ್ನೂ ಬಿಸಾಡದೆ ಅದರ ಮೇಲೆಯೇ ಹಾಸಿದಳು. ಕಳ್ಳು ಇಳಿಸುವ ಡೊಂಬಯ್ಯ ದಾರಿಯಲ್ಲಿ ನಿಂತು ನಗುತ್ತಿದ್ದ.

"ಸೇಸಕ್ಕ, ಕಲ್ಲಿಗೆ ಗೊಬ್ಬರ ಹಾಕ್ತೀಯಲ್ಲ ಮಾರಾಯ್ತಿ, ಅದೇನು ಮರಿ ಹಾಕ್ತದಾ?"

ಮೂರನೆಯ ವರ್ಷ ಹುಲ್ಲು ಸರಿಸಿದರೆ ಕೆಳಗೆ ಎರೆಹುಳ. ಈ ಬೋಳು ಬಂಡೆಯ ಮೇಲೆ ಅವು ಎಲ್ಲಿಂದ ಬಂದವೋ, ಸೇಸಮ್ಮ ಬಹಳ ಹೊತ್ತು ನೋಡುತ್ತ ಕುಳಿತಿದ್ದಳು. ಅಗೆಯದೆ, ಕೆದಕದೆ, ವರ್ಷ ವರ್ಷವೂ ಮೇಲಿನಿಂದಲೇ ಹೊದಿಸುತ್ತ ಹೋದಳು. ಬೆರಳಿನಿಂದ ಹುಲ್ಲು ಬಿಡಿಸಿ ಬೀಜ ಇಟ್ಟರೆ ಸಾಕು, ಹರಿವೆ, ಅಲಸಂಡೆ, ಮುಳ್ಳುಸೌತೆ ಬಂದವು. ಬಸಳೆ ಚಪ್ಪರ ತುಂಬಿತು. ಬೇಸಿಗೆಯಲ್ಲಿ ಪಾರೆಯ ಪಳ್ಳದಿಂದ ಕೊಡದಲ್ಲಿ ನೀರು ಹೊತ್ತಳು. ಅದೂ ಬತ್ತಿದರೆ ಶೆಟ್ಟರ ಗದ್ದೆಯ ಬಾವಿಯವರೆಗೆ ಇಳಿದಳು. ಒಂಬತ್ತು ವರ್ಷಕ್ಕೆ ಮೊಣಕೈವರೆಗೆ ಕೈ ಹುಗಿಯುವಷ್ಟು ಕಪ್ಪು ಮಣ್ಣಾಯಿತು. ಮೂಡುಬಿದಿರೆಯ ಹೋಟೆಲಿನವರು ಅವಳ ಹರಿವೆಗೆ ಜನ ಕಳಿಸುತ್ತಿದ್ದರು. ಅಣ್ಣನ ಮನೆಯ ಮೆಟ್ಟಿಲು ಅವಳು ಮತ್ತೆ ಹತ್ತಲಿಲ್ಲ.

ಆ ವರ್ಷ ಶೆಟ್ಟರಿಗೆ ಪಾರೆಯಲ್ಲಿ ಕಲ್ಲು ಕಡಿದು ಮಾರುವ ಕೋರೆ ತೆರೆಯುವ ಯೋಚನೆ ಬಂತು. ಅದೇ ಹೊತ್ತಿಗೆ, ಯಾರು ಎಲ್ಲಿ ಸಾಗುವಳಿ ಮಾಡುತ್ತಾರೆಂದು ಪಟ್ಟಿ ಬರೆಯಲು ಸರಕಾರಿ ಗುಮಾಸ್ತನೊಬ್ಬ ಊರಿಗೆ ಬಂದ. ಡೊಂಬಯ್ಯ ಎರಡು ದಿನ ಮೊದಲೇ ಬಂದು ಅವಳಿಗೆ ಪಾಠ ಹೇಳಿಕೊಟ್ಟ. ಒಂಬತ್ತು ವರ್ಷದಿಂದ ಸಾಗುವಳಿ ಮಾಡ್ತಾ ಇದ್ದೇನೆ ಎಂದರೆ ಸಾಕು, ಹೆಸರು ಪುಸ್ತಕಕ್ಕೆ ಬೀಳುತ್ತದೆ, ಆಮೇಲೆ ಅಷ್ಟು ಸುಲಭಕ್ಕೆ ಯಾರೂ ಎಬ್ಬಿಸಲಾರರು. ಸೇಸಮ್ಮ ಹಾಗೆಯೇ ಹೇಳುವುದೆಂದು ಒಪ್ಪಿದಳು.

ಗುಮಾಸ್ತ ಪುಸ್ತಕ ಬಿಡಿಸಿ ಪ್ರಶ್ನೆ ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ, ಕೊಡೆ ಹಿಡಿದು ಬದಿಗೆ ನಿಂತಿದ್ದ ಶೆಟ್ಟರು ಮೆಲ್ಲಗೆ ಅಂದರು:

"ಸೇಸು, ದೈವದ ಎದುರು ಕೊಟ್ಟ ಮಾತು ನೆನಪುಂಟಲ್ಲ? ಇಲ್ಲಿ ಅಗೆದದ್ದು ಉಂಟಾ? ಇದ್ದದ್ದನ್ನೇ ಹೇಳು."

ಸೇಸಮ್ಮನ ಮುಖಕ್ಕೆ ರಕ್ತ ನುಗ್ಗಿತು. ಮಾತು ತಪ್ಪಿದವಳೆಂದು ಇಷ್ಟು ಜನರ ಮುಂದೆ ತನ್ನನ್ನು ಶಂಕಿಸುತ್ತಿದ್ದಾರೆ, ಅದೊಂದೇ ಅವಳಿಗೆ ತಿಳಿದದ್ದು. ಡೊಂಬಯ್ಯ ಹಿಂದಿನಿಂದ ಕೆಮ್ಮಿದ. ಅದು ಅವಳಿಗೆ ಕೇಳಿಸಲಿಲ್ಲ.

"ಇಲ್ಲ ಧನಿಗಳೇ. ಒಂದು ಗುಳಿ ಸಹ ತೋಡಿದವಳಲ್ಲ. ಬೇಕಾದರೆ ನೋಡಿ."

ಅವಳೇ ಕುಕ್ಕುರುಗಾಲಲ್ಲಿ ಕುಳಿತು, ಹುಲ್ಲು ಎಳೆದು, ಎರಡೂ ಕೈಯಿಂದ ಮಣ್ಣು ಬಗೆದು ಅಡಿಯ ಬಂಡೆ ತೋರಿಸಿದಳು. ಅದರಲ್ಲಿ ಒಂದು ಗೀರು ಇರಲಿಲ್ಲ. ಗುಮಾಸ್ತ ಬಗ್ಗಿ ಪೆನ್ಸಿಲಿನ ಹಿಂಬದಿಯಿಂದ ತಟ್ಟಿ ನೋಡಿ, ಬರೆದದ್ದನ್ನು ಓದಿ ಹೇಳಿದ: ಪಾರೆ ಜಾಗ, ಸಾಗುವಳಿ ಇಲ್ಲ. ಸೇಸಮ್ಮ ಹೆಬ್ಬೆಟ್ಟು ಒತ್ತಿದಳು. ಎದೆ ಹಗುರವಾದಂತಿತ್ತು. ಅವರೆಲ್ಲ ಹೋದ ಮೇಲೆ ಡೊಂಬಯ್ಯ ಅವಳ ಮುಖ ನೋಡದೆ, ಏನಾಯಿತೆಂಬುದನ್ನು ಬಿಡಿಸಿ ಹೇಳಿದ. ಇನ್ನೊಮ್ಮೆ ಹೋಗಿ ಹೇಳಿದರೆ ಆಗದೇ ಎಂದು ಅವಳು ಕೇಳಿದಳು. ಬೆರಳು ಒತ್ತಿ ಆಯಿತಲ್ಲ ಎಂದು ಅವನು ಹೊರಟ.

ತುಲಾ ತಿಂಗಳಲ್ಲಿ ಮಳೆ ಬಿಟ್ಟಿತು. ಕೋರೆ ತೆಗೆಯುವಾಗ ಮೇಲಿನ ಮಣ್ಣು ಹಾಳಾಗುವುದು ಬೇಡ, ಕೆಳಗಿನ ತೆಂಗಿನ ಸಸಿಗಳ ಬುಡಕ್ಕೆ ಹಾಕುವ ಎಂದರು ಶೆಟ್ಟರು. ಹೊರಲು ಬೇರೆ ಆಳುಗಳಿದ್ದರು. ಆದರೆ ಅವರು ಗುದ್ದಲಿ ತಂದದ್ದನ್ನು ಕಂಡು ಸೇಸಮ್ಮ ತಾನೇ ಹೊರುತ್ತೇನೆಂದಳು. ಕೈಯಿಂದಲೇ ಬುಟ್ಟಿಗೆ ತುಂಬಿದಳು. ಬೇಡವೆಂದರೂ ಎರೆಹುಳಗಳು ಬೆರಳಿಗೆ ಸುತ್ತಿಕೊಳ್ಳುತ್ತಿದ್ದವು. ಆರು ದಿನ ಹಿಡಿಯಿತು. ಏಳನೆಯ ದಿನ ಹಿಡಿಸೂಡಿಯಿಂದ ಬಂಡೆ ಗುಡಿಸಿದಳು.

ಕಲ್ಲು ಕಡಿಯುವ ಬಾವಾ ಎಂಬವನು ಬಂದು ಪಿಕ್ಕಾಸು ಇಳಿಸಿ, ಬೋಳು ಬಂಡೆಯ ಮೇಲೆ ದಾರ ಬಿಚ್ಚಿದ.

"ಅಕ್ಕ, ಸ್ವಲ್ಪ ಆಚೆ ನಿಲ್ಲಿ. ಗೆರೆ ಹಾಕ್ಲಿಕ್ಕೆ ಉಂಟು."

ಅವಳು ಸರಿದಳು. ಇನ್ನೂ ಸ್ವಲ್ಪ ಎಂದ ಅವನು. ಅವಳು ಇನ್ನೂ ಸ್ವಲ್ಪ ಸರಿದಳು.