ಉಗ್ಗುವ ಮಾತೂ ಮಾತೇ

ಆಸ್ಪತ್ರೆಗೆ ಫೋನ್ ಮಾಡಿದರೆ ಈಗ ಮೊದಲು ಮಾತಾಡುವುದು ಕಂಪ್ಯೂಟರ್. ಅದಕ್ಕೆ ನಮ್ಮ ಮಾತು ತಿಳಿಯುವುದಿಲ್ಲ ಎಂಬ ಗೊಣಗಾಟ ಯಾವ ಬೀದಿಯಲ್ಲಿಲ್ಲ ಹೇಳಿ? ಅಂಥದೇ ಒಂದು ಬೀದಿಯ ದರ್ಜಿಗಂತೂ ಕಷ್ಟ ಇಮ್ಮಡಿ. ಅವನಿಗೆ ಚಿಕ್ಕಂದಿನಿಂದಲೂ ಉಗ್ಗು.

ಒಂದು ದಿನ ಆರೋಗ್ಯ ಕಾರ್ಯಕರ್ತೆ ಅಂಗಡಿಗೆ ಬಂದಳು.

"ಅಣ್ಣಾ, ಕಂಪ್ಯೂಟರ್‌ಗೆ ಎಲ್ಲರ ಮಾತೂ ಕಲಿಸ್ತಿದ್ದಾರೆ. ಅರ್ಧ ಗಂಟೆ ನಿನ್ನ ದನಿ ರೆಕಾರ್ಡ್ ಮಾಡ್ಕೊಳ್ಲಾ?"

"ನ... ನನ್ನ ಉಗ್ಗು ಕೇಳಿ ಯಾರು ನಗ್ಬೇಕು? ವಾರ್ತೆ ಓದೋರ್ನ ಕೇಳು, ಹೋಗು."

"ಅವರ ಮಾತು ಅದಕ್ಕಾಗ್ಲೇ ಬಾಯಿಪಾಠ. ಬೇಕಾಗಿರೋದು ನಿನ್ನಂಥೋರದ್ದು."

ಅಂಗಿಗೆ ಕಾಜ ಹಾಕುತ್ತಿದ್ದ ಹೆಂಡತಿ ತಲೆಯೆತ್ತಿ, "ಕೊಡಬಾರದಾ? ಮಾತೇನು ಮೈಯಿಂದ ಕಿತ್ತು ಕೊಡ್ಬೇಕಾ?" ಎಂದಳು. ಅವನು ಕಿವಿಗೆ ಹಾಕಿಕೊಳ್ಳದೆ ಹೊಲಿಗೆ ಯಂತ್ರ ಜೋರಾಗಿ ತುಳಿದ. ಬಂದ ದಾರಿಗೆ ಸುಂಕವಿಲ್ಲವೆಂದು ಕಾರ್ಯಕರ್ತೆ ಹೊರಟುಹೋದಳು.

ಮೂರು ತಿಂಗಳ ಮೇಲೆ, ಮಟಮಟ ಮಧ್ಯಾಹ್ನ, ಹೆಂಡತಿಯ ಕೈಯಿಂದ ಕತ್ತರಿ ಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ದರ್ಜಿ ಆಂಬುಲೆನ್ಸ್‌ಗೆ ಫೋನ್ ಮಾಡಿದ.

"ನಿಮ್ಮ ತೊಂದರೆ ಹೇಳಿ," ಎಂದಿತು ಕಂಪ್ಯೂಟರ್.

"ನ... ನನ್ನ ಹೆಂ... ಹೆಂ..."

"ಕ್ಷಮಿಸಿ, ಅರ್ಥವಾಗಲಿಲ್ಲ."

ಅವಸರಪಟ್ಟಷ್ಟೂ ನಾಲಿಗೆ ಕಚ್ಚಿಕೊಂಡಿತು. ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ, ಮಾತು ಮುಗಿಯಿತೆಂದು ಬಗೆದು ಅದು ಫೋನ್ ಇಟ್ಟಿತು. ನಾಲ್ಕು ಸಲವೂ ಹಾಗೇ. ಕೊನೆಗೆ ಬೀದಿಗೆ ಓಡಿ, ಯಾರದೋ ಗಾಡಿ ನಿಲ್ಲಿಸಿ ಅವಳನ್ನು ಸಾಗಿಸಿದ. ಜೀವ ಉಳಿಯಿತು. ಬಲಗೈಯ ಸ್ವಾಧೀನ ಮರಳಲಿಲ್ಲ. "ಇನ್ನೊಂದು ಸ್ವಲ್ಪ ಬೇಗ ಬಂದಿದ್ರೆ..." ಎಂದರು ಡಾಕ್ಟರು.

ಕಾರ್ಯಕರ್ತೆ ಅವಳನ್ನು ನೋಡಲು ಮನೆಗೆ ಬಂದಾಗ ಅವನು ಮುಖ ತಗ್ಗಿಸಿದ.

"ನಾ... ನಾನು ಅವತ್ತೇ ಮಾತಾಡಿದ್ರೆ ಇವಳ ಕೈ...?"

"ಸುಳ್ಳು ಹೇಳಲ್ಲ ಅಣ್ಣಾ. ಒಬ್ಬನ ದನಿಯಿಂದ ಅದು ಕಲೀತಿರ್ಲಿಲ್ಲ. ಉಗ್ಗೋರನ್ನ ಮರೆತು ಅದನ್ನ ಮಾಡಿದೋರದ್ದೂ ತಪ್ಪೇ. ಆದ್ರೆ ನಿನ್ನ ಹಾಗೆ ನೂರು ಜನ ಬೇಡ ಅಂದ್ರು."

ಆ ಮಾತು ಅವನಿಗೆ ಸಮಾಧಾನ ಕೊಡಲಿಲ್ಲ.

"ಈ... ಈಗ ಕೊಡ್ತೀನಿ. ಆದ್ರೆ ದ... ದನಿ ಬೇರೆ ಯಾತಕ್ಕಾದ್ರೂ ಬಳಸಿದ್ರೆ?"

"ಯಾತಕ್ಕೆ ಅಂತ ಬರೆದು ಕೊಡ್ತಾರೆ. ಓದಿಸ್ಕೊಂಡು ಸಹಿ ಹಾಕು. ಬೇಡ ಅನ್ಸಿದ್ರೆ ಅಳಿಸೋಕೆ ಹೇಳ್ಬಹುದು."

ಅವನು ಕುರ್ಚಿ ಎಳೆದುಕೊಂಡು ಕೂತ. ಅರ್ಧ ಗಂಟೆಯ ಮಾತಿಗೆ ಒಂದೂವರೆ ಗಂಟೆ ಹಿಡಿಯಿತು. ಮುಗಿದಾಗ ಹಾಸಿಗೆಯಿಂದ ಹೆಂಡತಿ ತೊದಲಿದಳು: "ನಂ... ದೂ... ತಗೋ."

ಉಗ್ಗುವವರೇ, ತೊದಲುವವರೇ, ಹಲ್ಲಿಲ್ಲದ ಅಜ್ಜ ಅಜ್ಜಿಯರೇ, ನಿಮ್ಮ ದನಿ ಬೇಕೆಂದು ಯಾರಾದರೂ ಬಂದರೆ ಯಾತಕ್ಕೆಂದು ಮೊದಲು ವಿಚಾರಿಸಿ. ಒಪ್ಪಿಗೆಯಾದರೆ ನಾಚದೆ, ನೀವಾಡುವ ಹಾಗೆಯೇ ಆಡಿ. ನಿಮ್ಮ ಮಾತು ಯಂತ್ರಕ್ಕೆ ತಿಳಿಯಬೇಕಾದ ದಿನ, ಕಲಿಸಲು ಹೊತ್ತಿರುವುದಿಲ್ಲ.